ಹಳೆ ಬೈಕಿಗೆ ಇ20 ಪೆಟ್ರೋಲ್

ಪ್ರಶ್ನೆ: ನನ್ನದು 2014ರ ಬೈಕ್. ಮೈಲೇಜ್ ಇಳಿದಿದೆ, ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಎಥೆನಾಲ್ ಬೆರೆಸದ ಪೆಟ್ರೋಲ್ ಸಿಗುತ್ತದೆಯೇ?

ಉತ್ತರ: ಬಂಕುಗಳಲ್ಲಿ ಈಗ ಬಹುತೇಕ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲೇ ಸಿಗುವುದು. ಬೆರೆಸದ ಪೆಟ್ರೋಲೂ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಹಳೆ ಗಾಡಿಯವರಿಗಾಗಿ ಇ10 ಉಳಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಥೆನಾಲಿನಲ್ಲಿ ಶಕ್ತಿ ಕಡಿಮೆ, ಮೈಲೇಜ್ ತುಸು ತಗ್ಗುವುದು ಸಹಜ. ಸ್ಟಾರ್ಟಿಂಗ್ ತೊಂದರೆಯನ್ನು ಮಾತ್ರ ಅದರ ತಲೆಗೇ ಕಟ್ಟಬೇಡಿ. ಮೊದಲು ಪ್ಲಗ್, ಏರ್ ಫಿಲ್ಟರ್ ನೋಡಿಸಿ. ಕಾರ್ಬ್ಯುರೇಟರಿನ ತಳದ ಬಟ್ಟಲು ಬಿಚ್ಚಿಸಿ. ನೀರಿನ ಹನಿ, ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ತೊಳೆಸಿ. ರಬ್ಬರ್ ಪೈಪು, ಸೀಲುಗಳು ಉಬ್ಬಿದ್ದರೆ ಇ20 ತಾಳುವಂಥವನ್ನು ಹಾಕಿಸಿ. ಎಥೆನಾಲ್ ತೇವ ಎಳೆದುಕೊಳ್ಳುವುದರಿಂದ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ಸೋರುತ್ತಿದ್ದರೆ ಓಡಿಸಲೇಬೇಡಿ, ಅಂದೇ ಸರ್ವೀಸ್ ಸೆಂಟರಿನವರನ್ನು ಕರೆಸಿ.