ಸೋರಿಯಾಸಿಸ್ ಇದ್ದವರಿಗೆ ಬೆರಳೇಕೆ ಊದಿಕೊಳ್ಳುತ್ತದೆ?

ಪ್ರಶ್ನೆ: ನನ್ನ ಅತ್ತಿಗೆಗೆ ಬಹಳ ವರ್ಷಗಳಿಂದ ಸೋರಿಯಾಸಿಸ್. ಈಚೆಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಹಿಮ್ಮಡಿ ನೋಯುತ್ತದೆ. ‘ಇದು ಬರೀ ಚರ್ಮದ ಕಾಯಿಲೆಯಲ್ಲ, ಆಟೋಇಮ್ಯೂನ್’ ಎಂದರಂತೆ ಡಾಕ್ಟರು. ಚರ್ಮಕ್ಕೂ ಕೀಲಿಗೂ ಏನು ಸಂಬಂಧ?
– ಓದುಗರೊಬ್ಬರು, ಹಾಸನ

ಉತ್ತರ: ಸಂಬಂಧವಿದೆ. ಅದರ ಸುಳಿವು ಸಿಕ್ಕಿದ್ದು ಬೇರೆ ಕಾಯಿಲೆಗೆಂದು ಕೊಟ್ಟ ಔಷಧಗಳಿಂದ. 1951ರಲ್ಲಿ ಅಮೆರಿಕದ ವೈದ್ಯ ಗಬ್ನರ್ ಸಂಧಿವಾತಕ್ಕೆ ಅಮಿನಾಪ್ಟೆರಿನ್ ಕೊಟ್ಟು ನೋಡುತ್ತಿದ್ದಾಗ ಸೋರಿಯಾಸಿಸ್ ಚರ್ಮ ತಿಳಿಯಾದದ್ದು ಕಣ್ಣಿಗೆ ಬಿತ್ತು. ಇಂದು ಎಲ್ಲ ಕಡೆ ಬಳಸುವ ಮೆಥೊಟ್ರೆಕ್ಸೇಟ್ ಅದರದೇ ಕುಲದ್ದು. 1979ರಲ್ಲಿ ಮತ್ತೆ ಅದೇ ಕಥೆ: ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಕೊಡುತ್ತಿದ್ದ ಸೈಕ್ಲೋಸ್ಪೋರಿನ್ ಅನ್ನು ಕೀಲುಬೇನೆಯವರಿಗೆ ಕೊಟ್ಟರೆ, ಅವರಲ್ಲಿ ಸೋರಿಯಾಸಿಸ್ ಇದ್ದವರ ಮಚ್ಚೆಗಳೂ ಇಳಿದವು.

ಅದುವರೆಗೆ ಸೋರಿಯಾಸಿಸ್ ಎಂದರೆ ಚರ್ಮದ ಕೋಶಗಳದೇ ಗಡಿಬಿಡಿ ಎಂಬ ನಂಬಿಕೆಯಿತ್ತು. ಹುಟ್ಟಿ ಮೇಲ್ಪದರಕ್ಕೆ ಬರಲು ಸುಮಾರು ಒಂದು ತಿಂಗಳು ಬೇಕಾದ ಕೋಶ ನಾಲ್ಕೈದು ದಿನಕ್ಕೇ ಬಂದು ಹೊಟ್ಟಾಗಿ ಉದುರುತ್ತದೆ ಎಂಬುದು ಈಗಲೂ ನಿಜವೇ. ಆದರೆ ಸೈಕ್ಲೋಸ್ಪೋರಿನ್ ಹತ್ತಿಕ್ಕುವುದು ರಕ್ತದ ಟಿ ಕೋಶಗಳನ್ನು, ಅಂದರೆ ದೇಹದ ಕಾವಲು ಪಡೆಯನ್ನು. ಚರ್ಮಕ್ಕೆ ಅವಸರದ ಆಜ್ಞೆ ಬರುತ್ತಿದ್ದುದು ಅಲ್ಲಿಂದ.

ಆ ಆಜ್ಞೆಗಳಲ್ಲಿ ಮುಖ್ಯವಾದವು ಟಿಎನ್ಎಫ್, ಐಎಲ್-17, ಐಎಲ್-23 ಎಂಬ ಪ್ರೋಟೀನುಗಳು. ಸ್ನಾಯುರಜ್ಜು ಎಲುಬಿಗೆ ಕೂಡುವ ಜಾಗದಲ್ಲೂ ಉರಿಯೂತ ಎಬ್ಬಿಸುವುದು ಇವೇ. ಹಿಮ್ಮಡಿ ನೋವು, ಒಂದು ಬೆರಳು ಬುಡದಿಂದ ತುದಿಯವರೆಗೆ ಊದುವುದು ಅದರಿಂದ. ಉಗುರಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರಂತೂ ಕೀಲಿನ ಮೇಲೆ ಕಣ್ಣಿಡಬೇಕು. ಸೋರಿಯಾಸಿಸ್ ಇರುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಈ ಸಂಧಿವಾತ ಬರುತ್ತದೆ, ಬಹುತೇಕ ಚರ್ಮದ ತೊಂದರೆ ಶುರುವಾಗಿ ವರ್ಷಗಳಾದ ಮೇಲೆ. ರುಮಟಾಯ್ಡ್ ಸಂಧಿವಾತದ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ಪರೀಕ್ಷೆ ಇಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದು ಸುಮ್ಮನಾಗಬೇಡಿ.

ಆಟೋಇಮ್ಯೂನ್ (ಕಾವಲು ಪಡೆಯೇ ಸ್ವಂತ ದೇಹದ ಮೇಲೆ ಬೀಳುವುದು) ಎಂಬ ಹಣೆಪಟ್ಟಿಯನ್ನು ಮಾತ್ರ ನಾನು ಸ್ವಲ್ಪ ಅನುಮಾನದಿಂದಲೇ ಅಂಟಿಸುತ್ತೇನೆ. ಮೈಮೇಲೆ ಗುಳ್ಳೆ ಏಳುವ ಪೆಂಫಿಗಸ್‌ನಲ್ಲಿ, ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನಿನ ಮೇಲೆಯೇ ದಾಳಿ ಮಾಡುವ ಪ್ರತಿಕಾಯವನ್ನು ಬೆರಳಿಟ್ಟು ತೋರಿಸಬಹುದು. ಸೋರಿಯಾಸಿಸ್‌ನಲ್ಲಿ ಅಂಥ ಒಬ್ಬ ಆರೋಪಿ ಇಲ್ಲ. ಈ ಹಣೆಪಟ್ಟಿಯ ಕಾಯಿಲೆಗಳ ದಾರಿ ಒಂದಕ್ಕೊಂದು ಕೂಡುವುದೂ ಅರ್ಧವಷ್ಟೇ: ಟಿಎನ್ಎಫ್ ತಡೆಯುವ ಇಂಜೆಕ್ಷನ್ ಸೋರಿಯಾಸಿಸ್‌ಗೆ ಮದ್ದು, ಆದರೆ ರುಮಟಾಯ್ಡ್ ಸಂಧಿವಾತಕ್ಕೆ ಅದನ್ನೇ ತೆಗೆದುಕೊಂಡ ಕೆಲವರಿಗೆ ಹೊಸದಾಗಿ ಸೋರಿಯಾಸಿಸ್ ಎದ್ದಿದೆ. ಐಎಲ್-17 ತಡೆಯುವ ಔಷಧ ಚರ್ಮ, ಕೀಲು ಎರಡಕ್ಕೂ ಒಳ್ಳೆಯದು. ಕರುಳಿನ ಕ್ರೋನ್ಸ್ ಕಾಯಿಲೆಗೆ ಕೆಟ್ಟದ್ದು.

ಅತ್ತಿಗೆಯವರಿಗೆ ಬದನೆಕಾಯಿ ನಂಜು ಎಂದು ಮನೆಯವರು ತಟ್ಟೆ ಕಾಯುವುದು ಬೇಡ, ಈ ಕಾಯಿಲೆ ಅಂಟುವುದೂ ಇಲ್ಲ. ತಡಮಾಡದೆ ಕೀಲುತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ. ಒಮ್ಮೆ ಸವೆದ ಕೀಲು ಮರಳದು. ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗಿಸಬೇಡಿ. ನೋವು ಇಳಿದಂತೆ ಕಂಡರೂ, ಅದನ್ನು ಥಟ್ಟನೆ ನಿಲ್ಲಿಸಿದಾಗ ಮೈತುಂಬ ಕೀವುಗುಳ್ಳೆ ಏಳಬಹುದು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ಚೀಟಿಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ.