ಸಂಚಿಕೆಯ ದಿನ ತಪ್ಪದಿರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಊರುಗಳಲ್ಲಿ ಸಣ್ಣ ಪತ್ರಿಕೆ ಹೊರಡಿಸುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಹುಮ್ಮಸ್ಸಿನಲ್ಲಿ ವಾರಪತ್ರಿಕೆ ಎಂದು ಸಾರಿ, ನಾಲ್ಕಾರು ಸಂಚಿಕೆಗಳಲ್ಲೇ ದಣಿದು, ಕೊನೆಗೆ ‘ಜಂಟಿ ಸಂಚಿಕೆ’ಯ ಮೊರೆ ಹೋಗುತ್ತಾರೆ.

ವಕೀಲಿ ವೃತ್ತಿಯ ನಡುವೆಯೇ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದ ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ವನ್ನು ಆರಂಭಿಸಿದ್ದು ತ್ರೈಮಾಸಿಕವಾಗಿ, ಅದು ಮಾಸಿಕವಾದದ್ದು ಆಮೇಲೆ. ಆರಂಭದ ಹೊತ್ತಿಗಾಗಲೇ ವರ್ಷಗಟ್ಟಲೆ ಓಲೆಗರಿ ತಿರುವಿ ಕೂಡಿಸಿದ ವಚನಗಳು ಅವರ ಕೈಯಲ್ಲಿದ್ದವು. ಪತ್ರಿಕೆ ದಶಕಗಳ ಕಾಲ ನಡೆಯಿತು. ಹೊಸಬರು ಗಮನಿಸಬೇಕಾದದ್ದು ಈ ಸಿದ್ಧತೆಯನ್ನು.

ಕನಿಷ್ಠ ಇನ್ನೆರಡು ಸಂಚಿಕೆಗಾಗುವಷ್ಟು ಬರಹ ಕೂಡದೆ ಮೊದಲನೆಯದನ್ನು ಅಚ್ಚಿಗೆ ಕೊಡಬಾರದು. ಊರಿನ ಶಾಸನ, ಹಂತಿ ಪದ, ಹಳೆಯ ಬಾವಿಗಳ ಕುರಿತ ಲೇಖನಗಳು ಹಳಸುವುದಿಲ್ಲ, ಅಡಚಣೆಯ ತಿಂಗಳಿಗೆ ಒದಗುತ್ತವೆ. ಈ ಭಾಗದಲ್ಲಿ ತೊಗರಿ, ಬಿಳಿಜೋಳದ ರಾಶಿ ನಡೆದಾಗ ಬರೆಯುವವರು ಹೊಲದಲ್ಲಿರುತ್ತಾರೆ. ಶ್ರಾವಣ ಬಂತೆಂದರೆ ಬಾಗೇವಾಡಿಯ ಜಾತ್ರೆ. ಆ ದಿನಗಳ ಪುಟಗಳನ್ನು ಮುಂಚೆಯೇ ಕಟ್ಟಿಡುವುದು ಕ್ಷೇಮ.

ಸಾಮಗ್ರಿ ಕಡಿಮೆ ಬಿದ್ದರೆ ಪುಟ ಇಳಿಸಬಹುದು, ದಿನ ಮುಂದೂಡಬಾರದು. ರಿಯಾಯಿತಿ ದರದ ಅಂಚೆ ಸೌಲಭ್ಯ ಪಡೆದ ಪತ್ರಿಕೆಯನ್ನು ಗೊತ್ತುಪಡಿಸಿದ ದಿನವೇ ಅಂಚೆಗೆ ಹಾಕಬೇಕಾಗುತ್ತದೆ. ಇಷ್ಟಾಗಿಯೂ ತಡವಾದರೆ ಹೊಸ ತಾರೀಖನ್ನು ಚಂದಾದಾರರಿಗೆ ತಾನಾಗಿಯೇ ತಿಳಿಸುವುದು ಸಂಪಾದಕನ ಕೆಲಸ. ಅವರು ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟಿರುತ್ತಾರೆ.