ಕುಂಟುವ ಕುರಿ ಮತ್ತು ಅಜ್ಜನ ಚಾಕು



ಗೊರಸುಕೊಳೆಯಿಂದ ಕುಂಟುವ ಕುರಿಗೆ ಗೊರಸು ಕೆತ್ತಬೇಕೆ, ಔಷಧಿ ಕೊಡಿಸಬೇಕೆ ಎಂಬ ಪ್ರಶ್ನೆಯನ್ನು ಎರಡೂ ಕಡೆಯಿಂದ ತೂಗಿ ನೋಡುವುದು ಈ ಪತ್ರದ ಉದ್ದೇಶವಾದರೂ, ಎರೆಹೊಲದ ಕೆಸರಿನಲ್ಲಿ ಮೊಣಕಾಲೂರಿ ಮೇಯುವ ಡೆಕ್ಕನಿ ಕುರಿಗಳನ್ನು ಕಂಡವರಿಗೆ ಸಮಾಧಾನದಿಂದ ತೂಗುವುದು ಸುಲಭವಲ್ಲ. ಗೊರಸುಕೊಳೆ ಎಂದರೆ, ಗೊರಸಿನ ಸೀಳಿನ ನಡುವಿನ ಚರ್ಮ ನೆನೆದು ಮೆತ್ತಗಾದಾಗ ಡೈಕೆಲೋಬ್ಯಾಕ್ಟರ್ ನೊಡೋಸಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು, ಗೊರಸಿನ ಗಟ್ಟಿ ಕವಚವನ್ನು ಒಳಗಿನ ಜೀವಂತ ಭಾಗದಿಂದ ಬಿಡಿಸುತ್ತ ಹೋಗುವ ಸೋಂಕು. ಬೂದುಬಣ್ಣದ ಲೋಳೆ, ಮೂಗಿಗೆ ಬಡಿಯುವ ದುರ್ವಾಸನೆ ಅದರ ಗುರುತು.

ಪತ್ರ ಬರೆಯುತ್ತಿರುವ ಹಿರಿಯನ, ಅಂದರೆ ಅಜ್ಜನ, ಯೌವನದಲ್ಲಿ ಇದಕ್ಕಿದ್ದ ಮದ್ದು ಚಾಕು ಒಂದೇ. ಕುರಿ ತರುಬುವ, ಅಂದರೆ ಗೊಬ್ಬರಕ್ಕಾಗಿ ರೈತನ ಹೊಲದಲ್ಲೇ ರಾತ್ರಿ ಹಿಂಡನ್ನು ಕೂಡಿಹಾಕುವ ಅಲೆದಾಟದಲ್ಲಿ, ಆತ ಲಾಟೀನಿನ ಬೆಳಕಿಗೆ ಕುರಿಯನ್ನು ಅಂಗಾತ ಕೆಡವಿ, ತಂದೆ ತೋರಿಸಿಕೊಟ್ಟಂತೆ ರಕ್ತ ಜಿನುಗುವವರೆಗೆ ಗೊರಸು ಕೆತ್ತಿ, ಮೈಲುತುತ್ತ ಒತ್ತಿ, ಅದೇ ಚಾಕುವನ್ನು ಕಂಬಳಿಗೆ ಒರೆಸಿ ಮುಂದಿನ ಕುರಿಗೆ ಕೈಹಾಕುತ್ತಿದ್ದ. ಕೆತ್ತಿದ ಕುರಿಗಳು ವಾರಗಟ್ಟಲೆ ಕುಂಟಿದವು, ನೆಟ್ಟಗಿದ್ದವೂ ಕುಂಟತೊಡಗಿದವು. ಒಂದು ಮುಂಗಾರಿನಲ್ಲಿ ತಾಯಿಹಾಲು ಬತ್ತಿ ಮರಿಗಳು ಸತ್ತಾಗ ಆತ ಮಳೆಯನ್ನು ಶಪಿಸಿದ. ರೋಗಾಣುವನ್ನು ಹೊತ್ತು ತಿರುಗಿದ್ದು ಆ ಚಾಕು. ಗೊರಸು ಕೆತ್ತಿದರೆ ಗಾಯ ಮಾಯುವುದು ತಡವಾಗುತ್ತದೆ ಎಂಬುದನ್ನು ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ. ಮೈಲುತುತ್ತದ ತಾಮ್ರವಂತೂ ಹೊಟ್ಟೆಗೆ ಹೋದರೆ ಕುರಿಗೆ ವಿಷ.

ಇಷ್ಟೆಲ್ಲ ಓದಿಕೊಂಡಿದ್ದೂ ಈ ಪತ್ರ ಪಡೆಯುವ ಕಿರಿಯನು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಟಗರನ್ನು ಅಂದೇ ಹಿಂಡಿಗೆ ಬಿಟ್ಟದ್ದು ಶುದ್ಧ ಅವಿವೇಕ. ಈ ರೋಗಾಣು ಬರಿಯ ಮಣ್ಣಿನಲ್ಲಿ ಬಹುಕಾಲ ಬದುಕದೆ ಕಾಲಿನಿಂದ ಕಾಲಿಗೆ ದಾಟಿ ಉಳಿಯುವಂಥದ್ದಾದ್ದರಿಂದ, ಹೊಸ ಕುರಿಯನ್ನು 4 ವಾರವಾದರೂ ಬೇರೆ ಕಟ್ಟಬೇಕೆಂಬುದು ಹೇಳಿಸಿಕೊಳ್ಳಬೇಕಾದ ಮಾತೇ? ಆದರೆ ಹಿರಿಯನೂ ಇದೇ ತಪ್ಪನ್ನು ಒಮ್ಮೆಯಲ್ಲ, ಹಲವು ಸಲ ಮಾಡಿದ್ದಾನೆ. ಹಿಂಡಿನ ಪರಿಸ್ಥಿತಿ ಇನ್ನೂ ಕೈಮೀರಿಲ್ಲ.

ಕುಂಟು ಕಂಡ 3 ದಿನದೊಳಗೆ ಕುರಿಯನ್ನು ಬೇರ್ಪಡಿಸಿ ಪಶುವೈದ್ಯರಿಂದ ಆಂಟಿಬಯಾಟಿಕ್ ಚುಚ್ಚುಮದ್ದು ಕೊಡಿಸಬೇಕು. ಉಳಿದವನ್ನು 100 ಲೀಟರ್ ನೀರಿಗೆ 10 ಕಿಲೋ ಜಿಂಕ್ ಸಲ್ಫೇಟ್ ಬೆರೆಸಿದ ತೊಟ್ಟಿಯಲ್ಲಿ ನಿಲ್ಲಿಸಿ, ಕಾಲು ಒಣಗುವವರೆಗೆ ಗಟ್ಟಿನೆಲದ ಮೇಲೆ ತಡೆಯಬೇಕು. ಮತ್ತೆ ಮತ್ತೆ ಕುಂಟುವುದನ್ನು ತಳಿಗೆ ಉಳಿಸಿಕೊಳ್ಳಬಾರದು. ಬಾಯಲ್ಲಿ ಹುಣ್ಣೂ ಮೈಯಲ್ಲಿ ಜ್ವರವೂ ಇದ್ದರೆ ಅದು ಕಾಲುಬಾಯಿ ಜ್ವರವೋ ನೀಲಿನಾಲಿಗೆಯೋ ಆಗಿರಬಹುದಾದ್ದರಿಂದ ವೈದ್ಯರನ್ನು ತಡಮಾಡದೆ ಕರೆಯಬೇಕು.

ಅಜ್ಜನ ಚಾಕು ಸೂರಿನಲ್ಲೇ ಇರಲಿ. ನಾಳೆ ಬೆಳಿಗ್ಗೆ ಹಿಂಡು ಹೊರಡುವಾಗ ಕಿರಿಯನು ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ನಡಿಗೆಯನ್ನು ನೋಡಲಿ.